ದೇವರ ಗಲ್ಲದ ಕೆಳಗಿನ ನೆರಳು

ಪುಣೆಯ ಧನಕವಡಿಯಲ್ಲಿ ಸಾತಾರಾ ರಸ್ತೆಗೆ ಹೊಂದಿಕೊಂಡು ಶಂಕರ ಮಹಾರಾಜರ ಮಠವಿದೆ. ಅದರ ಆಸುಪಾಸಿನ ಹೂವು-ಕಾಯಿ ಅಂಗಡಿಗಳಲ್ಲಿ ಮಾರುವ ಪಟಗಳನ್ನು ಒಮ್ಮೆ ನಿಂತು ನೋಡಬೇಕು. ದತ್ತಾತ್ರೇಯ, ಗಣಪತಿ, ವಿಠ್ಠಲ, ಲಕ್ಷ್ಮಿ. ದೇವರು ಬೇರೆ ಬೇರೆ, ನೆರಳು ಮಾತ್ರ ಒಂದೇ. ಮೂಗಿನ ಒಂದು ಮಗ್ಗುಲಿಗೆ, ಗಲ್ಲದ ಕೆಳಗೆ, ಹಾರದ ಅಡಿಗೆ ತೆಳುವಾದ ಕಂದು ಛಾಯೆ. ಚೌಕಟ್ಟಿನ ಆಚೆ ಎಲ್ಲೋ ಮೇಲುಗಡೆ ಯಾರೋ ಕಾಣದ ದೀಪವೊಂದನ್ನು ಹಿಡಿದು ನಿಂತ ಹಾಗೆ. ಧಾರವಾಡದ ದೇವರ ಕೋಣೆಯಲ್ಲೂ ಇದೇ ನೆರಳು, ಉಡುಪಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೂ ಇದೇ. ನಾವು ಅದನ್ನು ಎಷ್ಟು ಸಹಜವೆಂದುಕೊಂಡಿದ್ದೇವೆಂದರೆ, ಅದು ಎಲ್ಲಿಂದಲೋ ಬಂದದ್ದು ಎಂಬ ಯೋಚನೆಯೇ ಸುಳಿಯುವುದಿಲ್ಲ.

ಹಂಪೆಯ ವಿರೂಪಾಕ್ಷ ದೇಗುಲದ ಮಂಟಪದ ಚಾವಣಿಯಲ್ಲಿ ಈ ನೆರಳಿಲ್ಲ. ಲೇಪಾಕ್ಷಿಯಲ್ಲಿಲ್ಲ. ಚಿನ್ನದ ರೇಕಿನ ಮೈಸೂರು ಸಂಪ್ರದಾಯದ ಪಟಗಳಲ್ಲೂ ಇಲ್ಲ. ಬರೆದವರಿಗೆ ನೆರಳು ಕಾಣುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ; ಬಿಸಿಲಿನ ನಾಡಿನವರು ಅವರು. ಅವರ ಲೆಕ್ಕವೇ ಬೇರೆ ಇತ್ತು. ದೇವರ ಮೇಲೆ ಹೊರಗಿನಿಂದ ಬೆಳಕು ಬೀಳುವುದುಂಟೆ? ಚಿತ್ರದಲ್ಲಿ ಬೇಕಾದದ್ದು ರೇಖೆ, ಲಕ್ಷಣ, ಬಣ್ಣ. ಯಾವ ಹೊತ್ತಿನ ಬೆಳಕು ಎಂಬುದು ಯಾರಿಗೂ ಬೇಡವಾಗಿತ್ತು.

ಯುರೋಪಿನಲ್ಲಾದರೂ ನೆರಳು ಹುಟ್ಟಿನಿಂದ ಇದ್ದದ್ದಲ್ಲ. ಬೈಜಾಂಟಿಯಮ್ಮಿನ ಸಂತರು ಚಿನ್ನದ ಹಿನ್ನೆಲೆಯಲ್ಲಿ, ನಮ್ಮ ಮೈಸೂರು ಪಟದ ದೇವರ ಹಾಗೆ ನೆರಳಿಲ್ಲದೆ ನಿಂತಿದ್ದರು. 1420ರ ದಶಕದಲ್ಲಿ ಫ್ಲಾರೆನ್ಸಿನ ಬ್ರಾಂಕಾಚಿ ಪ್ರಾರ್ಥನಾಲಯದ ಗೋಡೆಗಳನ್ನು ಬರೆಯಲು ಮಸಾಚಿಯೋ ಎಂಬ ಇಪ್ಪತ್ತರ ಆಜುಬಾಜಿನ ಹುಡುಗ ಬಂದ. ಆ ಕೋಣೆಗೆ ನಿಜವಾಗಿ ಒಂದು ಕಿಟಕಿ ಇತ್ತು. ಅದರ ಬೆಳಕೇ ಚಿತ್ರದೊಳಗಿನ ಮನುಷ್ಯರ ಮೇಲೂ ಬೀಳುತ್ತಿದೆ ಎಂಬಂತೆ ಅವನು ಬರೆದ. ಅಲ್ಲಿನ ಒಂದು ಚಿತ್ರದ ವಸ್ತುವೇ ನೆರಳು: ಸಂತ ಪೀಟರ್ ಬೀದಿಯಲ್ಲಿ ನಡೆದು ಹೋಗುತ್ತಾನೆ, ಅವನ ನೆರಳು ಸೋಕಿದ ರೋಗಿಗಳು ಎದ್ದು ನಿಲ್ಲುತ್ತಾರೆ. ಯುರೋಪಿನ ಚಿತ್ರಕಲೆಯ ಮುಂದಿನ ನಾನೂರೈವತ್ತು ವರ್ಷಗಳನ್ನು ಈ ನೆರಳಿನ ಕಥೆಯಾಗಿಯೇ ಹೇಳಬಹುದು. ಲಿಯೊನಾರ್ಡೊ ಅದರ ಅಂಚನ್ನು ಹೊಗೆಯಂತೆ ಕರಗಿಸಿದ. 1600ರ ಹೊತ್ತಿಗೆ ಕರವಾಜ್ಜೊ ಇಡೀ ಕೋಣೆಯನ್ನು ಕತ್ತಲು ಮಾಡಿ ಒಂದೇ ಕಡೆಯಿಂದ ಬೆಳಕು ಬಿಟ್ಟ. ರೆಂಬ್ರಾಂಟ್ ಆ ಕತ್ತಲಲ್ಲಿ ಮುದುಕರ ಮುಖಗಳನ್ನು ಕೂರಿಸಿದ. 1874ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನ ಹೂಡಿದ ಇಂಪ್ರೆಷನಿಸ್ಟರು, ನೆರಳು ಕಪ್ಪಲ್ಲ, ನೀಲಿ-ನೇರಳೆ ಎಂದು ತೋರಿಸಿದರು. ಅವರ ಹಿಂದೆಯೇ ಬಂದ ಗೋಗ್ಯಾಂ, ಜಪಾನಿನ ಮುದ್ರಿತ ಚಿತ್ರಗಳಿಗೆ ಮರುಳಾಗಿ, ನೆರಳನ್ನೇ ಬಹುಪಾಲು ಕೈಬಿಟ್ಟ. ಅಲ್ಲಿ ನೆರಳು ಮೂಲೆ ಸೇರುತ್ತಿದ್ದ ಅದೇ ವರ್ಷಗಳಲ್ಲಿ ಇಲ್ಲಿ ನಾವು ಅದಕ್ಕೆ ಚೌಕಟ್ಟು ಹಾಕಿಸಿ, ಕುಂಕುಮ ಹಚ್ಚಿ ಪೂಜಿಸತೊಡಗಿದೆವು. ಈ ಕಥೆಯ ಸ್ವಾರಸ್ಯವೆಲ್ಲ ಇರುವುದು ಇಲ್ಲೇ.

ಧನಕವಡಿಯ ಮಗ್ಗುಲಿನ ಕಾತ್ರಜ್ ಕೆರೆಯಿಂದ 1750ರ ಹೊತ್ತಿಗೆ ನಾನಾಸಾಹೇಬ ಪೇಶ್ವೆ ನೆಲದಡಿಯ ಕಾಲುವೆ ಕಟ್ಟಿಸಿ ತನ್ನ ಅರಮನೆ ಶನಿವಾರವಾಡೆಗೆ ನೀರು ಒಯ್ದ. ನೀರು ತಲುಪಿದ ನಾಲ್ಕು ದಶಕಗಳ ಮೇಲೆ ಅದೇ ವಾಡೆಗೆ ನೆರಳೂ ತಲುಪಿತು. ತಂದವನು ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್. ಅವನಿಗೆ ಚಿತ್ರ ಬರೆಯಿಸುವ ಹುಚ್ಚು. ತಾಂಬಟರ ಮನೆತನದ, ಎಂದರೆ ತಾಮ್ರದ ಕೆಲಸದ ಮನೆತನದ ಗಂಗಾರಾಮ ಎಂಬ ಸ್ಥಳೀಯ ಕಲಾವಿದ ಅವನ ಕಣ್ಣಿಗೆ ಬಿದ್ದ. ಗಂಗಾರಾಮ 1790ರಲ್ಲಿ ಪೇಶ್ವೆಯ ಪ್ರಾಣಿಸಂಗ್ರಹದ ಘೇಂಡಾಮೃಗವನ್ನು ಬರೆದ. ವೇರೂಳದ, ಎಂದರೆ ಎಲ್ಲೋರದ ಗುಹೆಗಳನ್ನು ಕಂಬ ಕಂಬವಾಗಿ ಬರೆದ. ಮುಂದೆ ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ ಪುಣೆಗೆ ಬಂದಾಗ, ಹುಡುಗ ಪೇಶ್ವೆ ಸವಾಯಿ ಮಾಧವರಾಯನ ಒಪ್ಪಿಗೆಯಿಂದ ಶನಿವಾರವಾಡೆಯಲ್ಲೇ ಚಿತ್ರಕಲೆಯ ಪಾಠ ಶುರುವಾಯಿತು. ಒಂದು ಕಣ್ಣಿನಿಂದ, ಒಂದೇ ಜಾಗದಲ್ಲಿ ನಿಂತು ನೋಡಿದಂತೆ ಬರೆಯಬೇಕು, ದೂರದ್ದು ಚಿಕ್ಕದಾಗಬೇಕು, ಬೆಳಕಿಗೆ ಒಂದು ದಿಕ್ಕಿರಬೇಕು. ಮುಂಬಯಿಯಲ್ಲಿ ಕಲಾಶಾಲೆ ತೆರೆಯುವುದಕ್ಕೆ ಅರುವತ್ತು ವರ್ಷಕ್ಕೂ ಮೊದಲಿನ ಮಾತಿದು. ಇಂದು ನಾವು ನಾನಾ ಫಡ್ನವೀಸರ ಮುಖವೆಂದು ಗುರುತಿಸುವ ಮುಖ ವೇಲ್ಸ್ ಬರೆದದ್ದು. ಅವನು 1795ರಲ್ಲಿ ತೀರಿಕೊಂಡ, ಶಾಲೆಯೂ ಮುಚ್ಚಿತು. ಗಂಗಾರಾಮನ ಚಿತ್ರಗಳು ಮ್ಯಾಲೆಟ್ಟನ ಜೊತೆ ಹಡಗು ಹತ್ತಿದವು. ಈಗ ಅವನ್ನು ನೋಡಬೇಕಾದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಹೋಗಬೇಕು.

ಕನ್ನಡಿಗರಿಗೆ ಈ ಪ್ರಸಂಗದಲ್ಲಿ ಇನ್ನೊಂದು ಎಳೆಯಿದೆ. 1790ರಲ್ಲಿ ಮ್ಯಾಲೆಟ್ ಪೇಶ್ವೆಯ ದರಬಾರಿನಲ್ಲಿ ಮಾಡಿಕೊಂಡ ಒಪ್ಪಂದ ಟಿಪ್ಪು ಸುಲ್ತಾನನ ವಿರುದ್ಧದ್ದು. ಆ ದರಬಾರನ್ನು ವೇಲ್ಸನ ನಕ್ಷೆಗಳ ಆಧಾರದ ಮೇಲೆ ಥಾಮಸ್ ಡ್ಯಾನಿಯಲ್ ದೊಡ್ಡ ತೈಲಚಿತ್ರವಾಗಿಸಿ 1805ರಲ್ಲಿ ಮುಗಿಸಿದ. ಸಾಲು ಕಂಬಗಳು ಒಳಗೊಳಗೆ ಸರಿದು ಚಿಕ್ಕದಾಗುತ್ತವೆ, ಬೆಳಕು ನೆಲಹಾಸಿನ ಮೇಲೆ ಹರಿದಿದೆ. ಅತ್ತ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಟಿಪ್ಪು ಬರೆಯಿಸಿದ್ದು 1780ರ ಪೊಳ್ಳಿಲೂರು ಯುದ್ಧ. ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಮುದುಡಿ ಕೂತಿದ್ದಾನೆ, ಸುತ್ತ ಕೆಂಪು ಅಂಗಿಯ ಸೈನಿಕರ ಚೌಕ, ಮದ್ದಿನ ಬಂಡಿ ಸಿಡಿಯುತ್ತಿದೆ, ಟಿಪ್ಪು ಹೂವು ಮೂಸುತ್ತ ನಿರಾಳವಾಗಿದ್ದಾನೆ. ನೂರಾರು ಕುದುರೆಗಳು, ಒಂದಕ್ಕೂ ನೆಲದ ಮೇಲೆ ನೆರಳಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟರೆ ನನ್ನ ಓಟು ಶ್ರೀರಂಗಪಟ್ಟಣಕ್ಕೆ. ಡ್ಯಾನಿಯಲ್ಲನ ಚಿತ್ರದಲ್ಲಿ ಒಂದು ಕೋಣೆ ಕಾಣುತ್ತದೆ, ಗೋಡೆಯ ಮೇಲಿನದರಲ್ಲಿ ಒಂದು ಯುದ್ಧ. ಆದರೆ ಗೆದ್ದದ್ದು ಕೋಣೆಯೇ. 1799ರಲ್ಲಿ ಟಿಪ್ಪು ಬಿದ್ದ ನಂತರ ಅರಮನೆಗಳಿಗೆ ಬೇಕಾದದ್ದು ತೈಲವರ್ಣದ ಭಾವಚಿತ್ರ.

ಈ ನೆರಳನ್ನು ಅರಮನೆಯಿಂದ ಇಳಿಸಿ ಮನೆ ಮನೆಗೆ ತಂದವನು ರವಿವರ್ಮ. 1868ರಲ್ಲಿ ತಿರುವನಂತಪುರದ ಅರಮನೆಗೆ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರ ಬಂದಿದ್ದ. ತೈಲವರ್ಣದ ಗುಟ್ಟು ಕಲಿಸಲು ಅವನಿಗೆ ಮನಸ್ಸಿಲ್ಲ. ಬರೆಯುವಾಗ ನೋಡಲು ಮಾತ್ರ ಬಿಟ್ಟ. ಹುಡುಗನಿಗೆ ಅಷ್ಟೇ ಸಾಕಾಯಿತು. ನೋಡಿ ಕಲಿತ ರವಿವರ್ಮ ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯುವ ಮೊದಲು ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ಮಂಡಲ ಪೂಜೆಗೆ ಕೂತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ.

ಅವನ ನಿಜವಾದ ಜಾಣತನ ನೆರಳಿನಲ್ಲಿಲ್ಲ, ವಸ್ತುವಿನ ಆಯ್ಕೆಯಲ್ಲಿದೆ. ಫ್ರೆಂಚ್ ಅಕಾಡೆಮಿ 17ನೇ ಶತಮಾನದಲ್ಲೇ ಚಿತ್ರಗಳಿಗೆ ಮೇಲುಕೀಳಿನ ಪಂಕ್ತಿ ಹಾಕಿತ್ತು. ಎಲ್ಲಕ್ಕಿಂತ ಮೇಲೆ ಪುರಾಣ, ಬೈಬಲ್ಲು, ಇತಿಹಾಸದ ಕಥೆಗಳು. ಆಮೇಲೆ ಭಾವಚಿತ್ರ, ದಿನಬಳಕೆಯ ಬದುಕು, ಭೂದೃಶ್ಯ. ಎಲ್ಲಕ್ಕಿಂತ ಕೆಳಗೆ ಹಣ್ಣು, ಹೂಜಿ, ಸತ್ತ ಮೀನು. ರವಿವರ್ಮ ಆ ಮೇಲಿನ ಪಂಕ್ತಿಯ ಎಲೆಯನ್ನು ಹಾಗೆಯೇ ಬಿಟ್ಟು ಅಡುಗೆ ಬದಲಿಸಿದ. ವೀನಸ್, ಮೇರಿ ಕೂರುತ್ತಿದ್ದ ಜಾಗದಲ್ಲಿ ಶಕುಂತಲೆ, ದಮಯಂತಿ, ಸರಸ್ವತಿ ಬಂದು ಕೂತರು. ನೋಡುವವನಿಗೆ ಕಥೆ ಗೊತ್ತಿತ್ತು, ಹೊಸದಾಗಿದ್ದದ್ದು ಸೀರೆಯ ಮಡಿಕೆಯೊಳಗಿನ ನೆರಳು. ಈಗಲೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಮೂಲ ಚಿತ್ರಗಳ ಎದುರು ನಿಂತ ಜನ ಮೊದಲು ಮಾತಾಡುವುದು ಸೀರೆಯ ಬಗ್ಗೆಯೇ.

1894ರಲ್ಲಿ ಅವನು ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಪ್ಲೇಗಿನ ಕಾಲದಲ್ಲಿ ಮುದ್ರಣಾಲಯ ಪುಣೆಯ ದಾರಿಯ ಲೋಣಾವಳದ ಹತ್ತಿರದ ಮಳವಲಿಗೆ ಬಂತು. (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ.) ಯಂತ್ರ ಜರ್ಮನಿಯದು, ಕುಶಲಕರ್ಮಿಗಳೂ ಅಲ್ಲಿಯವರು, ಕೊನೆಗೆ ಮುದ್ರಣಾಲಯ ಅವರಲ್ಲೊಬ್ಬನಾದ ಫ್ರಿಟ್ಜ್ ಶ್ಲೈಷರನಿಗೇ ಮಾರಾಟವಾಯಿತು. ಕೆಲಸ ನಡೆಯುತ್ತಿದ್ದದ್ದು ಹೀಗೆ: ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವುದು, ಕಲ್ಲನ್ನು ನೀರಿನಿಂದ ಒದ್ದೆ ಮಾಡುವುದು, ಆಮೇಲೆ ಶಾಯಿ ಉರುಳಿಸುವುದು. ಜಿಡ್ಡಿದ್ದಲ್ಲಿ ಶಾಯಿ ಹಿಡಿಯುತ್ತದೆ, ಒದ್ದೆ ಕಲ್ಲು ಬಿಡುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಲಕ್ಷ್ಮಿಯ ಕೆನ್ನೆಯ ನೆರಳು ಹುಟ್ಟುತ್ತಿದ್ದದ್ದು ಸಾವಿರಾರು ಸಣ್ಣ ಚುಕ್ಕಿಗಳಿಂದ, ಕಲ್ಲಿನ ಮೇಲೆ ಕಲ್ಲು ಸರಿಯಾಗಿ ಕೂತರೆ ಮಾತ್ರ. ಕೂಲಿಯವನ ಕೈ ಕೂದಲೆಳೆಯಷ್ಟು ತಪ್ಪಿದರೆ ದೇವಿಗೆ ಎರಡು ತುಟಿ. ಹಾಗೆ ತಪ್ಪಿದ ಪಟಗಳೂ ಮಾರಾಟವಾಗಿವೆ, ಅವಕ್ಕೂ ಆರತಿ ಬೆಳಗಿದ್ದಾರೆ.

ರವಿವರ್ಮನಿಗೂ ಮೊದಲೇ, 1878ರಲ್ಲಿ, ವಿಷ್ಣುಶಾಸ್ತ್ರಿ ಚಿಪಳೂಣಕರರು ಗೆಳೆಯರೊಂದಿಗೆ ಪುಣೆಯಲ್ಲಿ ಚಿತ್ರಶಾಲಾ ಮುದ್ರಣಾಲಯ ಕಟ್ಟಿದ್ದರು. ಅವರ ರಾಮಪಂಚಾಯತನದ ಪಟ ಬಹಳ ಜನಪ್ರಿಯವಾಯಿತು. ಅದರಲ್ಲಿ ರಾಮನಿಗೆ ನೆರಳಿದೆಯೋ ಇಲ್ಲವೋ ಎಂಬ ಅನುಮಾನ ಬರುವ ಹಾಗಿದೆ. ಹಳೆಯದೂ ಹೊಸದೂ ಒಂದೇ ಕಾಗದದ ಮೇಲೆ ಜಗಳವಾಡುತ್ತಿವೆ. ನನಗೆ ರವಿವರ್ಮನ ನುಣುಪಿಗಿಂತ ಈ ಜಗಳವೇ ಹೆಚ್ಚು ಇಷ್ಟ.

ಮುದ್ರಣಾಲಯ ನೆರಳನ್ನು ಮನೆಗೆ ತಂದರೆ, ಶಾಲೆಗೆ ತಂದದ್ದು ಡ್ರಾಯಿಂಗ್ ಪರೀಕ್ಷೆ. ಮುಂಬಯಿಯ ಜೆ.ಜೆ. ಕಲಾಶಾಲೆ 1857ರಲ್ಲಿ ಶುರುವಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಆಗ ಮುಂಬಯಿ ಇಲಾಖೆಗೆ ಸೇರಿದ್ದರಿಂದ ಅಲ್ಲಿನ ಪದ್ಧತಿಯೇ ಇಲ್ಲಿಗೂ ಬಂತು. ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂಬ ಆ ಗ್ರೇಡ್ ಪರೀಕ್ಷೆಗಳನ್ನು ಮಹಾರಾಷ್ಟ್ರದ ಮಕ್ಕಳು ಇಂದಿಗೂ ಬರೆಯುತ್ತಾರೆ. ನಮ್ಮಲ್ಲಿ ಲೋವರ್, ಹೈಯರ್ ಉಳಿದುಕೊಂಡಿವೆ. ಫ್ರೆಂಚ್ ಅಕಾಡೆಮಿ ಕಟ್ಟಕಡೆಗೆ ಕೂರಿಸಿದ್ದ ಹಣ್ಣು-ಹೂಜಿ ಇಲ್ಲಿ ಮೊದಲ ಪಾಠವಾಯಿತು. ಬಕೀಟು, ತಂಬಿಗೆ, ಒಂದು ಈರುಳ್ಳಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಡ್ರಾಯಿಂಗ್ ಮಾಸ್ತರು ಕೇಳುವ ಪ್ರಶ್ನೆಯಲ್ಲಿ ಮಸಾಚಿಯೋನ ಕಿಟಕಿ ಇದೆ ಎಂದು ಮಾಸ್ತರಿಗೂ ಗೊತ್ತಿರಲಿಲ್ಲ, ಹುಡುಗರಿಗೂ. ಧನಕವಡಿಯ ಭಾರತಿ ವಿದ್ಯಾಪೀಠದ ಕಲಾ ಕಾಲೇಜಿಗೆ ಬರುವ ಮಕ್ಕಳೂ ಬಹುಪಾಲು ಈ ತಂಬಿಗೆಯನ್ನು ದಾಟಿಯೇ ಬಂದವರು.

ಜೆ.ಜೆ.ಯಲ್ಲಿ ಕಲಿತ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. ಮುಂಬಯಿಯಲ್ಲಿ ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರ ಕನ್ನಡದ ಹುಡುಗರಿಗೆ ಜೆ.ಜೆ.ಯ ಹೊಸ್ತಿಲಾಗಿತ್ತು. ಆ ಹೊಸ್ತಿಲು ದಾಟಿದ ಇಬ್ಬರು ಎರಡು ದಿಕ್ಕಿಗೆ ಹೋದರು.

ಒಬ್ಬರು ಕಲಬುರ್ಗಿಯ ಎಸ್.ಎಂ. ಪಂಡಿತ್. ಮುಂಬಯಿಯ ಮೆಟ್ರೋ ಥಿಯೇಟರಿಗೆ ಬರುತ್ತಿದ್ದ ಹಾಲಿವುಡ್ ಚಿತ್ರಗಳಿಗೆ ಅವರು ಷೋಕಾರ್ಡ್ ಬರೆದರು. ಹಾಲಿವುಡ್ಡಿನವರು ಮುಖದ ಒಂದು ಭಾಗವನ್ನು ಕತ್ತಲಲ್ಲಿಟ್ಟು ಬೆಳಕು ಬಿಡುವುದನ್ನು ರೆಂಬ್ರಾಂಟ್ ಲೈಟಿಂಗ್ ಎಂದೇ ಕರೆಯುತ್ತಿದ್ದರು. ನಮ್ಮ ಸ್ಟುಡಿಯೋ ಫೋಟೋಗ್ರಾಫರರೂ ಹಾಗೆಯೇ ಅನ್ನುತ್ತಾರೆ. ಪಂಡಿತರು ಆ ಬೆಳಕನ್ನು ಕ್ಯಾಲೆಂಡರಿನ ಶಿವ-ಪಾರ್ವತಿಯರ ಮೇಲೆ ಬಿಟ್ಟರು. ಆಮ್‌ಸ್ಟರ್‌ಡ್ಯಾಮಿನಿಂದ ಹೊರಟ ನೆರಳು ಹಾಲಿವುಡ್ ಸುತ್ತಿ, ಕಲಬುರ್ಗಿಯವರ ಕೈಯಿಂದ ಕಿರಾಣಿ ಅಂಗಡಿಯ ಗೋಡೆಗೆ ಬಂತು. ಕ್ಯಾಲೆಂಡರ್ ಚಿತ್ರ ಎಂದು ಮೂಗು ಮುರಿಯುವವರು ಅವರ ಕೈಚಳಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಇನ್ನೊಬ್ಬರು ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್. ಜೆ.ಜೆ.ಯ ನೆರಳು-ಬೆಳಕನ್ನು ಅವರು ಚೆನ್ನಾಗಿ ಕಲಿತರು, ಕೆಲವು ವರ್ಷ ಅಲ್ಲೇ ಕಲಿಸಿದರು, ಆಮೇಲೆ ಬಿಟ್ಟರು. ಬಿಡಲು ಪ್ರೇರಣೆ ಕೊಟ್ಟವರಲ್ಲಿ ಅಮೃತಾ ಶೇರ್‌ಗಿಲ್ ಒಬ್ಬರು. ಆಕೆ ಪ್ಯಾರಿಸ್ಸಿನಲ್ಲಿ ಗೋಗ್ಯಾಂನ ಚಿತ್ರಗಳನ್ನು ಕಂಡು, ಅಜಂತೆಯನ್ನೂ ಕಂಡು ಚಪ್ಪಟೆ ಬಣ್ಣಕ್ಕೆ ಒಲಿದವರು. ಜೈನ ಹಸ್ತಪ್ರತಿಗಳ ರೇಖೆ ಹೆಬ್ಬಾರರನ್ನು ಹಿಡಿಯಿತು. 1949ರಲ್ಲಿ ಅವರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾಂಗೆ ಹೋದರು. ಅಲ್ಲಿಂದ ಮರಳಿದ ಮೇಲೂ ಅವರ ಕೈಯಲ್ಲಿ ಗಟ್ಟಿಯಾದದ್ದು ಗೆರೆಯೇ. ಲಯ ಮೈಗೆ ತಿಳಿಯಲೆಂದು ಕಥಕ್ ಕಲಿತ ಮನುಷ್ಯ. ಒಂದೇ ಎಳೆತದಲ್ಲಿ ಅವರು ಬರೆದ ನರ್ತಕರಿಗೆ ನೆರಳಿನ ಹಂಗಿಲ್ಲ.

ಇವರಿಗಿಂತ ಮೊದಲೇ ಮೈಸೂರಿನ ಕೆ. ವೆಂಕಟಪ್ಪನವರು ಅರಮನೆಯ ವೇತನದಲ್ಲಿ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರಲ್ಲಿ ಕಲಿತು, ತೈಲವರ್ಣದ ಗೊಡವೆಗೆ ಹೋಗದೆ ಜಲವರ್ಣದಲ್ಲಿ ಊಟಿಯ ಮಂಜನ್ನು ಬರೆದಿದ್ದರು. ಠಾಕೂರರ ಆ ಸ್ವದೇಶಿ ಹಾದಿಗೆ ಮೊದಲು ದನಿ ಕೊಟ್ಟವರಲ್ಲಿ ಇ.ಬಿ. ಹ್ಯಾವೆಲ್ ಎಂಬ ಇಂಗ್ಲೆಂಡಿನವರೂ ಇದ್ದರು. ನೆರಳು ಬಂದದ್ದೂ ಯುರೋಪಿನವರ ಕೈ ಹಿಡಿದು, ಹೋಗಲು ಹೊರಟದ್ದೂ ಅವರ ಕೈ ಹಿಡಿದೇ.

ಆದರೆ ಅದು ಹೋದದ್ದು ಗ್ಯಾಲರಿಗಳಿಂದ ಮಾತ್ರ. ದೇವರ ಕೋಣೆಯಿಂದ ಹೋಗಲಿಲ್ಲ, ಹೋಗುವ ಲಕ್ಷಣವೂ ಇಲ್ಲ. ಈಗಿನ ಕಂಪ್ಯೂಟರ್ ಪಟಗಳಲ್ಲಿ ಅದು ಇನ್ನಷ್ಟು ದಟ್ಟವಾಗಿದೆ, ಹನುಮಂತನ ಮುಖ ಅರ್ಧ ಕತ್ತಲು. ಹೊಸ ಪಟ ಬಂದಂತೆ ಹಳೆಯವು ಅಟ್ಟ ಸೇರುತ್ತಿವೆ, ಮನೆಗೆ ಬಣ್ಣ ಹೊಡೆಸುವಾಗ ಹೊಳೆಗೂ ಹೋಗುತ್ತಿವೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದಿದ್ದರೆ ಇಳಿಸಿ ಕೆಳಗಿನ ಅಂಚನ್ನು ಓದಿ ನೋಡಿ. ರವಿವರ್ಮ ಪ್ರೆಸ್ಸಿನದೋ ಚಿತ್ರಶಾಲೆಯದೋ ಹೆಸರು ಇದ್ದೀತು. ಅಜ್ಜಿಯೋ ಮುತ್ತಜ್ಜಿಯೋ ಸೀರೆಗೆ ಜರಿ, ಮಣಿ ಅಂಟಿಸಿದ್ದರೆ ಕೀಳಬೇಡಿ, ಅದೂ ಚಿತ್ರದ ಭಾಗವೇ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲು ನೇರ ಬೀಳುವ ಗೋಡೆಗೆ ಹಾಕಬೇಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಹೊಳೆಗೆ ಬಿಡುವ ಮೊದಲು ಹತ್ತಿರದ ಕಲಾ ಕಾಲೇಜನ್ನೊಮ್ಮೆ ಕೇಳಿ.