ಸಂಶಯಕ್ಕೂ ಸಿಟ್ಟಿಗೂ ಕಾರಣವಿದೆ

ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 1901ರಲ್ಲಿ 51 ವರ್ಷದ ಅಗಸ್ಟೆ ಡೀಟರ್ ದಾಖಲಾದರು. ಮನೆಯವರು ಅವರಲ್ಲಿ ಮೊದಲು ಗಮನಿಸಿದ್ದು ಮರೆವನ್ನಲ್ಲ, ಗಂಡನ ಮೇಲಿನ ವಿಪರೀತ ಸಂಶಯವನ್ನು. ಅವರನ್ನು ಪರೀಕ್ಷಿಸಿದ ವೈದ್ಯ ಅಲೋಯಿಸ್ ಅಲ್ಝೈಮರ್ ಹೆಸರೇ ಮುಂದೆ ಕಾಯಿಲೆಗೂ ಬಂತು. ಗುಣ ಕೆಡುವುದೂ ಈ ಕಾಯಿಲೆಯ ಲಕ್ಷಣ ಎಂಬುದು ಹೀಗೆ ನೂರು ವರ್ಷಕ್ಕೂ ಹಳೆಯ ತಿಳಿವಳಿಕೆ. ನಮ್ಮಲ್ಲಿ ಮಾತ್ರ ಮರೆತರೆ ‘ಅರಳು ಮರಳು’ ಎಂದು ನಕ್ಕು ಬಿಡುತ್ತೇವೆ. ಸೊಸೆ ಬೋರಮಾಳ ಕದ್ದಳೆಂದು ಅತ್ತೆ ಕೂಗಾಡಿದರೆ ‘ಇಳಿವಯಸ್ಸಿನಲ್ಲಿ ಬುದ್ಧಿ ಕೆಟ್ಟಿದೆ’ ಎಂದು ಜಗಳಕ್ಕೆ ನಿಲ್ಲುತ್ತೇವೆ.

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಊರುಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಅಲ್ಝೈಮರ್‌ನಂಥ ಮಿದುಳಿನ ಕಾಯಿಲೆಗಳಿಂದ ಬರುವ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಇವರ ವರ್ತನೆ ದಿಢೀರನೆ ಕೆಟ್ಟಾಗ ಮೊದಲು ನೋಡಬೇಕಾದದ್ದು ಮೈಯನ್ನು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಾಯಾರಿಕೆಯನ್ನು ಹೇಳಿಕೊಳ್ಳಲಾಗದವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಶಾಂತ ಮನುಷ್ಯ ಒಂದೆರಡು ದಿನದಲ್ಲಿ ಕೈ ಎತ್ತುವಂತಾಗಲು. ಕಣ್ಣಿಗೆ ಪೊರೆ ಬಂದವರಿಗೆ ಮುಸ್ಸಂಜೆಯಲ್ಲಿ ಕರೆಂಟು ಹೋದರೆ ಗೂಟಕ್ಕೆ ತೂಗುಹಾಕಿದ ಕಂಬಳಿಯೂ ಕಳ್ಳನೇ. ಬದುಕಿಡೀ ಕೋಳಿ ಕೂಗುವ ಮೊದಲೇ ಎದ್ದು ಎತ್ತಿಗೆ ಮೇವು ಹಾಕಿದ ರೈತ ನಸುಕಿನಲ್ಲಿ ಬಾಗಿಲು ತೆಗೆದು ಹೊರಟರೆ ಅದು ಅಲೆದಾಟವಲ್ಲ, ಅವನ ಲೆಕ್ಕದಲ್ಲಿ ಕೆಲಸ. ಬಾಗಿಲಿಗೆ ಅಡ್ಡ ನಿಂತು ಗದರಿಸುವ ಬದಲು ಜೊತೆಗೊಬ್ಬರು ನಾಲ್ಕು ಹೆಜ್ಜೆ ನಡೆದು, ಚಹಾದ ನೆಪದಲ್ಲಿ ಹಿಂದೆ ಕರೆತರುವುದೇ ಮೇಲು. ಬಾವಿ, ಕಾಲುವೆ ಹತ್ತಿರವಿದ್ದರೆ ಓಣಿಯವರಿಗೆಲ್ಲ ವಿಷಯ ತಿಳಿದಿರಬೇಕು. ಮುಚ್ಚಿಡುವ ಮರ್ಯಾದೆ ಇಲ್ಲಿ ಅಪಾಯಕಾರಿ.

ಹಿರಿಯರ ತಪ್ಪನ್ನು ತಿದ್ದದೆ ಹೂಂಗುಟ್ಟಿದರೆ ಸುಳ್ಳು ಹೇಳಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೋರಮಾಳ ಕಳುವಾಗಿದೆ ಎಂದು ಒಪ್ಪಬೇಕಿಲ್ಲ, ‘ಬರ್ರಿ, ಹುಡುಕೋಣು’ ಅಂದರಾಯಿತು. ಹೊಸ ನೆನಪು ನಿಲ್ಲದ ಮಿದುಳಿನ ಎದುರು ವಾದ ಗೆದ್ದು ಪ್ರಯೋಜನವೂ ಇಲ್ಲ. ವಾದ ಮರೆತುಹೋಗಿ ಅವಮಾನವಷ್ಟೇ ಉಳಿಯುತ್ತದೆ. ಗುಳಿಗೆ ಕೊಟ್ಟು ಮಲಗಿಸಬಾರದೇ ಎಂಬುದು ಇನ್ನೊಂದು ಪ್ರಶ್ನೆ. ಡಿಮೆನ್ಶಿಯಾ ಇರುವ ವೃದ್ಧರಿಗೆ ಕೊಡುವ ಮನೋರೋಗದ ಕೆಲವು ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ರೋಗಿಗಳು ತಮಗೋ ಇತರರಿಗೋ ಹಾನಿ ಮಾಡುವ ಹಂತದಲ್ಲಿ ಅವೂ ಬೇಕಾಗಬಹುದು, ಆದರೆ ವೈದ್ಯರ ನಿಗಾದಲ್ಲಿ, ಅಲ್ಪಕಾಲಕ್ಕೆ.

ಇದಕ್ಕೆಲ್ಲ ಪುರಸೊತ್ತೆಲ್ಲಿದೆ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾಗದು. ಹೊಲ, ಅಡುಗೆ, ಮಕ್ಕಳ ನಡುವೆ ಆರೈಕೆಯೂ ಒಬ್ಬ ಸೊಸೆಯ ತಲೆಗೇ ಬೀಳುತ್ತದೆ. ಕಳ್ಳಿ ಎನಿಸಿಕೊಳ್ಳುವವಳೂ ಅವಳೇ. ತಾಳ್ಮೆ ಅವಳೊಬ್ಬಳ ಗುಣವಾಗಿರಬೇಕೆಂದು ಬಯಸುವುದು ಅನ್ಯಾಯ. ನಿದ್ದೆಗೆಟ್ಟವಳ ಗದರಿಕೆಯಿಂದ ರೋಗಿಯ ರೊಚ್ಚೂ ಏರುವುದರಿಂದ, ಅವಳಿಗೆ ಸಿಗುವ ಬಿಡುವೂ ಚಿಕಿತ್ಸೆಯ ಭಾಗವೇ. ಪುಣೆ, ಮುಂಬೈಗಳಿಂದ ಫೋನಿನಲ್ಲಿ ಸಲಹೆ ಕೊಡುವ ಮಕ್ಕಳು ಸರದಿಯ ಮೇಲೆ ಊರಿಗೆ ಬಂದು ಕೆಲವು ರಾತ್ರಿ ಎಚ್ಚರವಿರಲಿ. ಆರೈಕೆಯಲ್ಲಿ ದಣಿದವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.