ಊದಿದರೆ ಸಾಲದು, ಒರೆಸಬೇಕು

ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿ ಬೆಳೆದವರಿಗೆಲ್ಲ ಈ ವೈದ್ಯ ಗೊತ್ತು. ಪರದೆಯ ಮೇಲೆ ಮಾರಿಯೊ ಬದಲು ಬಣ್ಣದ ಪಟ್ಟಿಗಳು ಬಂದವೋ, ಕ್ಯಾಸೆಟ್ ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸುವುದು. ಅತ್ತ ಅಮೆರಿಕದ ಮಕ್ಕಳೂ ಮಾಡುತ್ತಿದ್ದುದು ಇದನ್ನೇ. ಎಷ್ಟೋ ಸಲ ಆಟ ಬಂದುಬಿಡುತ್ತಿತ್ತು. ಆದರೆ ಅದು ಊದಿದ್ದರ ಫಲವಲ್ಲ. ತೆಗೆದು ಹಾಕಿದಾಗ ಪಿನ್ನುಗಳು ಬೇರೆ ಜಾಗದಲ್ಲಿ ತಾಗುತ್ತಿದ್ದವು, ಅಷ್ಟೆ. ಬಾಯಿಯ ತೇವ ಮಾತ್ರ ಒಳಗೇ ಉಳಿದು ಕಿಲುಬಿಗೆ ದಾರಿ ಮಾಡುತ್ತಿತ್ತು.

ಈ ಕಿಲುಬನ್ನು ತೆಗೆಯುವುದೇ ಹಳೆಯ ಗೇಮ್ ರಿಪೇರಿಯ ಮೊದಲ ಪಾಠ. ನಿಂಟೆಂಡೊ ಕ್ಯಾಸೆಟ್‌ಗೆ ಮಾಮೂಲಿ ಸ್ಕ್ರೂ ಡ್ರೈವರ್ ಹಿಡಿಯುವುದಿಲ್ಲ, 3.8 ಮಿ.ಮೀ.ನ ವಿಶೇಷ ಬಿಟ್ ಬೇಕು. ಬಿಚ್ಚಿದರೆ ಸಿಗುವುದು ಅಂಗೈಯಗಲದ ಬೋರ್ಡು, ಅದರ ಅಂಚಿನಲ್ಲಿ ಸಾಲು ಪಟ್ಟಿಗಳು. ಇಯರ್ ಬಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸುತ್ತ ಹೋದರೆ ಬಡ್ ಕಪ್ಪಾಗುತ್ತದೆ. ಬೆಳ್ಳಗೇ ಉಳಿಯುವವರೆಗೆ ಬಿಡಬಾರದು. ತಮಾಷೆಯೆಂದರೆ, ಆಲ್ಕೋಹಾಲ್ ಬಳಸಬೇಡಿ ಎಂದು ಕ್ಯಾಸೆಟ್ ಬೆನ್ನಿನ ಚೀಟಿಯಲ್ಲೇ ಅಚ್ಚಾಗಿದೆ. ರಿಪೇರಿಯವರು ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಉಪ್ಪುಕಾಗದ ಉಜ್ಜುವವರನ್ನು ಮಾತ್ರ ತಡೆಯಬೇಕು, ಲೇಪವೇ ಎದ್ದುಹೋಗುತ್ತದೆ.

ಎಷ್ಟು ಒರೆಸಿದರೂ ಆಟ ಬಾರದಿದ್ದರೆ ದೋಷ ಹೆಚ್ಚಾಗಿ ಯಂತ್ರದ್ದು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಮ್‌ನಲ್ಲಿ ಕ್ಯಾಸೆಟ್ಟನ್ನು ಮೇಲಿಂದ ನೇರ ಒತ್ತುತ್ತಿದ್ದರು. 1985ರಲ್ಲಿ ಅದನ್ನೇ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಒಯ್ಯುವಾಗ ವಿಸಿಆರ್‌ನಂತೆ ಕಾಣಲೆಂದು ಮುಂದಿನಿಂದ ತೂರಿಸಿ ಕೆಳಗೆ ಒತ್ತುವ ವ್ಯವಸ್ಥೆ ಮಾಡಿದರು. ಚೆಂದಕ್ಕಾಗಿ ಮಾಡಿದ ಈ ಬದಲಾವಣೆಯೇ ಎನ್‌ಇಎಸ್‌ಗೆ ಮುಳುವಾಯಿತು. 72 ಪಿನ್ನಿನ ಕನೆಕ್ಟರ್ ವರ್ಷಗಳಲ್ಲಿ ಸಡಿಲವಾಗುತ್ತದೆ. ಮೇಲಾಗಿ ನಕಲಿ ಕ್ಯಾಸೆಟ್ ತಡೆಯಲು ಇಟ್ಟ 10ಎನ್‌ಇಎಸ್ ಎಂಬ ಚಿಪ್ಪು, ಕ್ಯಾಸೆಟ್‌ನೊಳಗಿನ ಜೋಡಿ ಚಿಪ್ಪಿನೊಡನೆ ಮಾತು ಕೂಡದಿದ್ದರೆ ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ. ಕೆಂಪು ದೀಪ ಮಿನುಗುವುದು ಅದಕ್ಕೇ. ಹಲವರು ಆ ಚಿಪ್ಪಿನ ನಾಲ್ಕನೇ ಕಾಲನ್ನು ಕತ್ತರಿಸಿ ಅದರ ಬಾಯಿ ಮುಚ್ಚಿಸುತ್ತಾರೆ. ಹಾಗೆ ಮಾಡಿದರೆ ತಪ್ಪೇನೂ ಇಲ್ಲ.

ಬ್ಯಾಟರಿಯದ್ದು ಇದಕ್ಕಿಂತ ನಾಜೂಕಿನ ಕೆಲಸ. 'ದಿ ಲೆಜೆಂಡ್ ಆಫ್ ಜೆಲ್ಡಾ' ಕ್ಯಾಸೆಟ್‌ನಲ್ಲಿ ಆಟಗಾರ ಎಲ್ಲಿಯವರೆಗೆ ಬಂದಿದ್ದಾನೆಂಬ ನೆನಪನ್ನು ಕಾಯುವುದು ಗುಂಡನೆಯ 3 ವೋಲ್ಟ್ ಬ್ಯಾಟರಿ. ಅದು ಸತ್ತರೆ ಆಟ ಉಳಿಯುತ್ತದೆ, ಆಡಿದ್ದು ಅಳಿಯುತ್ತದೆ. 1999ರ ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ ಬ್ಯಾಟರಿ ಗಡಿಯಾರವನ್ನೂ ನಡೆಸಬೇಕು, ಹಾಗಾಗಿ ಬೇಗ ಬರಿದಾಗುತ್ತದೆ. ಹೊಸತನ್ನು ಹಾಕುವಾಗ ನೇರವಾಗಿ ಬ್ಯಾಟರಿಯ ಮೈಗೇ ಬೆಸುಗೆ ಕಾಯಿಸಬಾರದು; ತಗಡಿನ ಕಾಲಿರುವ ಬ್ಯಾಟರಿಯನ್ನೇ ಕೊಳ್ಳಬೇಕು.

ನಮ್ಮಲ್ಲಿ ಮಾರಾಟವಾದ ಟಿವಿ ಗೇಮ್‌ಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ಅವುಗಳ ಕ್ಯಾಸೆಟ್ ಬಿಚ್ಚಿದರೆ ಹೆಚ್ಚಾಗಿ ಕಾಣುವುದು ಕಪ್ಪು ಅಂಟಿನಡಿ ಹೂತ ಚಿಪ್ಪು. ಅದು ಕೆಟ್ಟರೆ ಮುಗಿಯಿತು, ಪಟ್ಟಿ ಕೊಳೆಯಾಗಿದ್ದರಷ್ಟೇ ಉಪಾಯವುಂಟು. ಹಳದಿಗಟ್ಟಿದ ಡಬ್ಬಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವವರಿದ್ದಾರೆ. ನನಗದು ವ್ಯರ್ಥ ಶ್ರಮವೆನಿಸುತ್ತದೆ, ಹಳದಿ ಮರಳಿ ಬರುವುದುಂಟು.

ಅಟ್ಟದಲ್ಲಿ ಹಳೆಯ ಸೆಟ್ ಇದ್ದರೆ, ಆನ್ ಮಾಡುವ ಮೊದಲು ಅಡಾಪ್ಟರ್ ಮೇಲಿನ ಅಕ್ಷರಗಳನ್ನು ಓದಿ. ಅಮೆರಿಕದಿಂದ ನೆಂಟರು ತಂದ ಎನ್‌ಇಎಸ್‌ನ ಅಡಾಪ್ಟರ್ 120 ವೋಲ್ಟ್‌ನದು. ನಮ್ಮ 230 ವೋಲ್ಟ್‌ನ ಪ್ಲಗ್ಗಿಗೆ ನೇರ ಸಿಕ್ಕಿಸಬೇಡಿ.