ಅಂಚೆಯವನ ಇಪ್ಪತ್ತು ಪೌಂಡು

1999ನೆಯ ಇಸವಿಯ ಡಿಸೆಂಬರ್ 16ರಂದು, ಇಂಗ್ಲೆಂಡಿನಲ್ಲಿ ಚಳಿ ಹೆಚ್ಚಿ, ಮುದುಕರು ಹೀಟರು ಹಚ್ಚುವುದೋ ಬಿಡುವುದೋ ಎಂದು ಲೆಕ್ಕ ಹಾಕುವ ಕಾಲದಲ್ಲಿ, ದೂರದ ಲಕ್ಸೆಂಬರ್ಗ್ ನಗರದಲ್ಲಿರುವ ಐರೋಪ್ಯ ನ್ಯಾಯಾಲಯವು ಮೂಲತಃ ಇಪ್ಪತ್ತು ಪೌಂಡಿಗಾಗಿ ಹುಟ್ಟಿದ ವ್ಯಾಜ್ಯವೊಂದರಲ್ಲಿ ತೀರ್ಪನ್ನಿತ್ತಿತು. ವಾದಿಯು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾಗಿದ್ದ ಟೇಲರ್ ಎಂಬಾತ; ಪ್ರತಿವಾದಿ ಬ್ರಿಟನ್ನಿನ ಸಮಾಜ ಭದ್ರತಾ ಮಂತ್ರಿ. ಟೇಲರನಿಗೆ ಆಗ ಅರುವತ್ತೆರಡು ವರ್ಷ. ಅದೇ ವಯಸ್ಸಿನ ಹೆಂಗಸಿಗೆ ಸರ್ಕಾರವು ಚಳಿಗಾಲದಲ್ಲಿ ಮನೆ ಕಾಯಿಸಿಕೊಳ್ಳುವುದಕ್ಕೆಂದು ಕೊಡುತ್ತಿದ್ದ ಇಂಧನದ ಹಣವನ್ನು, ಗಂಡಸೆಂಬ ಒಂದೇ ಕಾರಣದಿಂದ ಆತನಿಗೆ ನಿರಾಕರಿಸಲಾಗಿತ್ತು. 1940ರಲ್ಲಿ ಆದ ಶಾಸನದಂತೆ ಆ ದೇಶದಲ್ಲಿ ಆಗ ಹೆಂಗಸರಿಗೆ ಅರುವತ್ತಕ್ಕೂ ಗಂಡಸರಿಗೆ ಅರುವತ್ತೈದಕ್ಕೂ ಸರ್ಕಾರೀ ಪಿಂಚಣಿ. ಚಳಿಯ ಹಣವೂ ಪಿಂಚಣಿಯ ವಯಸ್ಸಿಗೇ ಕಟ್ಟುಬಿದ್ದಿದ್ದುದರಿಂದ, ಗಂಡಸಿನ ಮೈಗೆ ಅರುವತ್ತೈದು ತುಂಬುವವರೆಗೆ ಚಳಿಯಾಗದೆಂದು ಸರ್ಕಾರವು ನಿಶ್ಚಯಿಸಿದಂತಾಗಿತ್ತು.

ಇಪ್ಪತ್ತು ಪೌಂಡಿಗೆ ಲಕ್ಸೆಂಬರ್ಗಿನ ಮೆಟ್ಟಿಲು ಹತ್ತುವವನನ್ನು ನಮ್ಮ ಕಡೆ ಜಗಳಗಂಟನೆಂದಾರು. ನನಗೆ ಅಂಥವರಲ್ಲಿ ಗೌರವ. ಆತನಿಗಿಂತ ಮುಂಚೆಯೂ ಇಬ್ಬರು ಮುದುಕರು ಇದೇ ದಾರಿ ಹಿಡಿದಿದ್ದರು: ಒಬ್ಬನು ಔಷಧದ ಚೀಟಿಗೆ ತೆರಬೇಕಾದ ಶುಲ್ಕದಲ್ಲಿ ಹೆಂಗಸರಂತೆಯೇ ತನಗೂ ಅರುವತ್ತಕ್ಕೆ ವಿನಾಯಿತಿ ಬೇಕೆಂದು ಕೇಳಿ 1995ರಲ್ಲಿ ಗೆದ್ದನು, ಇನ್ನೊಬ್ಬನು ಬಸ್ಸಿನ ರಿಯಾಯಿತಿ ದರಕ್ಕಾಗಿ ಹೋಗಿ ಮರುವರ್ಷ ಸೋತನು. ಚಳಿಯು ಔಷಧದ ಪಂಕ್ತಿಗೆ ಸೇರತಕ್ಕದ್ದೋ ಬಸ್ಸಿನ ಪಂಕ್ತಿಗೆ ಸೇರತಕ್ಕದ್ದೋ ಎಂಬುದು ಟೇಲರನ ಪಾಲಿಗೆ ಉಳಿದ ಪ್ರಶ್ನೆ.

ಸರ್ಕಾರದ ಪರವಾದ ವಾದವು ಚಾತುರ್ಯದಲ್ಲಿ ಕಡಮೆಯದಲ್ಲ. ಸ್ತ್ರೀಪುರುಷರೊಳಗೆ ಭೇದವೆಣಿಸಬಾರದೆಂಬ 1978ರ ಐರೋಪ್ಯ ನಿಯಮವು ರೋಗ, ಅಂಗವೈಕಲ್ಯ, ವೃದ್ಧಾಪ್ಯ, ನಿರುದ್ಯೋಗ ಮೊದಲಾದ ಆಪತ್ತುಗಳಿಗಾಗಿ ಏರ್ಪಟ್ಟ ಸಹಾಯಗಳಿಗೆ ಮಾತ್ರವೇ ಅನ್ವಯಿಸತಕ್ಕುದಾಗಿದ್ದು, ಈ ಹಣವಾದರೋ ವೃದ್ಧಾಪ್ಯಕ್ಕಾಗಿ ಅಲ್ಲ, ಕೈಯಲ್ಲಿ ಕಾಸಿಲ್ಲದವರ ಕಷ್ಟಕ್ಕಾಗಿ ಕೊಡುವುದಾದ್ದರಿಂದ, ನಿಯಮದ ಹಂಗು ಇದಕ್ಕಿಲ್ಲವೆಂಬುದು ಅದರ ಸಾರ. ನ್ಯಾಯಾಧೀಶರು ಒಪ್ಪಲಿಲ್ಲ. ಕಷ್ಟದಲ್ಲಿಲ್ಲದ ಮುದುಕನಿಗೂ ನೀವು ಈ ಹಣವನ್ನು ಕೊಡುತ್ತಿರುವಿರಿ, ಕೇಳುವುದು ವಯಸ್ಸೊಂದನ್ನೇ, ಆದುದರಿಂದ ಇದು ವೃದ್ಧಾಪ್ಯದ ಹಣವೇ ಹೊರತು ದಾರಿದ್ರ್ಯದ ಹಣವಲ್ಲ ಎಂದು ಅವರು ನಿರ್ಣಯಿಸಿದರು. ಟೇಲರ್ ಗೆದ್ದನು. ಅರುವತ್ತು ದಾಟಿದ ಗಂಡಸರಿಗೆಲ್ಲ ಹಣ ಕೊಡಬೇಕಾಗಿ ಬಂದಿತು. ಕಳೆದ ಚಳಿಗಾಲಗಳ ಬಾಕಿಯನ್ನೂ ತೀರಿಸಬೇಕಾಯಿತು.

ಅಲ್ಲಿಂದ ಇಪ್ಪತ್ತೈದು ವರ್ಷಗಳ ಕಾಲ ಬ್ರಿಟಿಷ್ ರಾಜಕಾರಣವು ಈ ಹಣದ ಸುತ್ತ ಮಾಡಿದ ಜಗಳವೆಲ್ಲ ಆ ದಿನದ ಪ್ರಶ್ನೆಯ ಪುನರಾವೃತ್ತಿಯೆಂದೇ ನಾನು ತಿಳಿಯುತ್ತೇನೆ. ಕೊಡುವುದು ಮುಪ್ಪಿಗೋ, ಬಡತನಕ್ಕೋ? ನ್ಯಾಯಾಲಯಕ್ಕೆ ಒಂದು ಉತ್ತರ, ಖಜಾನೆಗೆ ಇನ್ನೊಂದು ಉತ್ತರ, ಚುನಾವಣೆಗೆ ಮತ್ತೊಂದು ಉತ್ತರ ಎಂಬಂತೆ ಸರ್ಕಾರಗಳು ನಡೆದುಕೊಂಡವು.

ಈ ಹಣದ ಹುಟ್ಟು ಉದಾತ್ತವಾದುದೇನೂ ಅಲ್ಲ. ಆ ದೇಶದ ಹಳೆಯ ಮನೆಗಳು ಬೆಚ್ಚಗಿರುವಂತೆ ಕಟ್ಟಿದವಲ್ಲ. ಪ್ರತಿ ಚಳಿಗಾಲದಲ್ಲಿಯೂ ಉಳಿದ ಋತುಗಳಿಗಿಂತ ಹತ್ತಾರು ಸಾವಿರ ಮಂದಿ ಹೆಚ್ಚಾಗಿ ಸಾಯುತ್ತಿದ್ದರು, ಅವರಲ್ಲಿ ಬಹುಭಾಗ ವೃದ್ಧರು. 1988ರಲ್ಲಿ ಆರೋಗ್ಯ ಇಲಾಖೆಯ ಉಪಮಂತ್ರಿಣಿಯಾಗಿದ್ದ ಎಡ್ವಿನಾ ಕರಿಯವರು ಇದಕ್ಕೆ ಪರಿಹಾರವಾಗಿ ಮುದುಕರು ಉಣ್ಣೆಯ ಒಳಚಡ್ಡಿ ತೊಡಲೆಂದೂ ಮೊಮ್ಮಕ್ಕಳಿಂದ ಉಣ್ಣೆಯ ಟೋಪಿ ಪಡೆಯಲೆಂದೂ ಉಪದೇಶಿಸಿ, ದೇಶದ ಕೋಪಕ್ಕೂ ನಗೆಗೂ ಪಾತ್ರರಾದರು. ಅದಾದ ಕೆಲವು ವರ್ಷಗಳಲ್ಲಿ, 1993ರ ಆಯವ್ಯಯದಲ್ಲಿ, ಕನ್ಸರ್ವೇಟಿವ್ ಅರ್ಥಮಂತ್ರಿ ನಾರ್ಮನ್ ಲಮಾಂಟರು ಅದುವರೆಗೆ ತೆರಿಗೆಯಿಲ್ಲದಿದ್ದ ಮನೆಯ ಇಂಧನದ ಮೇಲೆ ಮೊದಲು ಶೇಕಡ 8ರಂತೆ, ತರುವಾಯ ಶೇಕಡ 17.5ರಂತೆ ತೆರಿಗೆ ಹಾಕುವುದಾಗಿ ಸಾರಿದರು. ಮೊದಲನೆಯದು ಜಾರಿಗೆ ಬಂದಿತು. ಎರಡನೆಯದು 1994ರ ಡಿಸೆಂಬರಿನಲ್ಲಿ ಕಾಮನ್ಸ್ ಸಭೆಯಲ್ಲಿ ಎಂಟು ಮತಗಳಿಂದ ಬಿದ್ದುಹೋಯಿತು. ಮುದುಕರ ಚಳಿಯಲ್ಲಿ ಮತಗಳಿರುವುದನ್ನು ಎಲ್ಲ ಪಕ್ಷಗಳೂ ಕಂಡುಕೊಂಡವು. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷದ ಅರ್ಥಮಂತ್ರಿ ಗಾರ್ಡನ್ ಬ್ರೌನರು ಆ ತೆರಿಗೆಯನ್ನು ಶೇಕಡ 5ಕ್ಕೆ ಇಳಿಸಿ, ಅದೇ ನವೆಂಬರಿನಲ್ಲಿ ಪಿಂಚಣಿಯ ವಯಸ್ಸಿನವರಿರುವ ಮನೆಗೆ 20 ಪೌಂಡು, ಅವರಲ್ಲಿಯೂ ಬಡವರೆಂದು ಆಗಲೇ ಸಹಾಯ ಪಡೆಯುತ್ತಿದ್ದವರಿಗೆ 50 ಪೌಂಡು ಎಂದು ಪ್ರಕಟಿಸಿದರು. ಎಲ್ಲರಿಗೂ ಕೊಟ್ಟು, ಬಡವರಿಗೆ ತುಸು ಹೆಚ್ಚು ಕೊಟ್ಟು, ಮುಪ್ಪು ಬಡತನಗಳೆರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದ ಕ್ರಮವದು.

ಎಲ್ಲರಿಗೂ ಏಕೆ ಕೊಡಬೇಕು, ಇದ್ದವರನ್ನು ಬಿಟ್ಟು ಇಲ್ಲದವರಿಗೆ ಕೊಡಬಾರದೆ ಎಂದು ಕೇಳುವವರು ಆ ದೇಶದ ಚರಿತ್ರೆಯಲ್ಲಿ ಆದಾಯಪರೀಕ್ಷೆಯೆಂಬುದು ಬಿಟ್ಟುಹೋದ ಕಹಿಯನ್ನು ಸ್ವಲ್ಪ ಅರಿಯಬೇಕು. 1908ರ ಶಾಸನದಿಂದ ಎಪ್ಪತ್ತು ವರ್ಷ ತುಂಬಿದವರಿಗೆ ವಾರಕ್ಕೆ ಐದು ಶಿಲ್ಲಿಂಗಿನ ಪಿಂಚಣಿ ದೊರೆತಾಗಲೇ, ವರ್ಷಕ್ಕೆ 21 ಪೌಂಡಿಗಿಂತ ಹೆಚ್ಚು ಆದಾಯವುಳ್ಳವರಿಗೆ ಅದನ್ನು ಮೊಟಕುಮಾಡುವ ಏರ್ಪಾಡಿದ್ದಿತು. ಸೆರೆವಾಸ ಕಂಡವನೂ ದುಡಿಯದೆ ಅಲೆದವನೂ ಅರ್ಹರಲ್ಲವೆಂಬ ಶೀಲಪರೀಕ್ಷೆಯೂ ಜೊತೆಗಿದ್ದಿತು. ಆದರೂ 1909ರ ಹೊಸವರ್ಷದ ದಿನ ಅಂಚೆ ಕಛೇರಿಯ ಕಟ್ಟೆಯಲ್ಲಿ ಆ ಹಣವನ್ನು ಕೈಯಲ್ಲಿ ಹಿಡಿದವರಿಗೆ ಅದು ದೊಡ್ಡ ಭಾಗ್ಯವೇ ಆಗಿದ್ದಿರಬೇಕು. ಕಹಿಯಾದುದು 1931ರ ಪರೀಕ್ಷೆ. ಕೆಲಸವಿಲ್ಲದವರಿಗೆ ಸಹಾಯ ಕೊಡುವ ಮುಂಚೆ ಅಧಿಕಾರಿಯೊಬ್ಬನು ಮನೆಯೊಳಕ್ಕೆ ಬಂದು, ಕುರ್ಚಿ ಮೇಜುಗಳನ್ನು ಕಣ್ಣಳತೆಯಲ್ಲಿ ಬೆಲೆಕಟ್ಟಿ, ದುಡಿವ ಮಗನ ಕೂಲಿಯನ್ನೂ ಅಜ್ಜಿಯ ಪಿಂಚಣಿಯನ್ನೂ ಕೂಡಿಸಿ, ತಂದೆಗೆ ಸಲ್ಲತಕ್ಕ ಕಾಸನ್ನು ಕತ್ತರಿಸಿ ಹೋಗುತ್ತಿದ್ದನು. ತಂದೆಯ ಹಣ ಉಳಿಯಲೆಂದು ಮಕ್ಕಳು ಮನೆ ಬಿಟ್ಟು ಬಾಡಿಗೆಯ ಕೋಣೆಗೆ ಹೋದ ಸಂಸಾರಗಳುಂಟು. 1941ರಲ್ಲಿ, ಯುದ್ಧದ ನಡುವೆ, ಮನೆಮಂದಿಯನ್ನೆಲ್ಲ ಒಟ್ಟಿಗೆ ತೂಗುವ ಆ ಪರೀಕ್ಷೆಯನ್ನು ತೆಗೆದುಹಾಕಲಾಯಿತು. ಸಮಾಜ ವಿಮೆಯ ಕುರಿತಾದ ಮರುವರ್ಷದ ಬೆವರಿಜ್ ವರದಿಯು, ಚಂದಾ ಕಟ್ಟಿದವನಿಗೆ ಹಕ್ಕಾಗಿ ದೊರೆಯಲಿ, ಯಾಚನೆಯಾಗಿ ಅಲ್ಲ ಎಂಬ ತತ್ತ್ವವನ್ನು ಸ್ಥಾಪಿಸಿತು.

ಆ ತತ್ತ್ವವನ್ನು ಕೊನೆಯುಸಿರಿನವರೆಗೆ ಹಿಡಿದು ನಿಂತವರು ಬಾರ್ಬರಾ ಕ್ಯಾಸಲ್. ಈ ವೃತ್ತಾಂತದಲ್ಲಿ ಟೇಲರನ ತರುವಾಯ ನನ್ನ ಮನಸ್ಸು ನಿಲ್ಲುವುದು ಆಕೆಯ ಬಳಿಯಲ್ಲಿ. 1974ರಿಂದ ಎರಡು ವರ್ಷ ಸಮಾಜಸೇವೆಯ ಮಂತ್ರಿಣಿಯಾಗಿ, ಗಳಿಕೆಗೆ ಅನುಗುಣವಾದ ಪಿಂಚಣಿಯ ಯೋಜನೆಯನ್ನು ಶಾಸನವಾಗಿಸಿದವರು. 1980ರಲ್ಲಿ ಥ್ಯಾಚರ್ ಸರ್ಕಾರವು ಪಿಂಚಣಿಗೂ ದುಡಿವವರ ಸಂಬಳದ ಏರಿಕೆಗೂ ಇದ್ದ ನಂಟನ್ನು ಕಡಿದಾಗಿನಿಂದ, ಅದನ್ನು ಮತ್ತೆ ಕೂಡಿಸಿರೆಂದು ಕೇಳುವುದೇ ಆಕೆಯ ವ್ರತವಾಗಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಗೊಂಡು ಬಂದು, ಕಾರ್ಮಿಕ ಸಂಘದ ನಾಯಕನಾಗಿ ಬಾಳಿ, ಮುಪ್ಪಿನಲ್ಲಿ ಪಿಂಚಣಿದಾರರ ಮುಂದಾಳಾದ ಜ್ಯಾಕ್ ಜೋನ್ಸರು ಆಕೆಗೆ ಜೊತೆ. ಬೆಲೆಯೇರಿಕೆಯ ಲೆಕ್ಕವನ್ನು ಅಕ್ಷರಶಃ ಪಾಲಿಸಿದ ಬ್ರೌನರು 2000ದ ಏಪ್ರಿಲಿನಲ್ಲಿ ಪಿಂಚಣಿಯನ್ನು ವಾರಕ್ಕೆ 75 ಪೆನ್ನಿಯಷ್ಟು, ಅಂದರೆ 66 ಪೌಂಡು 75 ಪೆನ್ನಿಯಿಂದ 67 ಪೌಂಡು 50 ಪೆನ್ನಿಗೆ, ಏರಿಸಿದಾಗ ಮುದುಕರು ಕೆರಳಿದರು. ಬಡ ವೃದ್ಧರಿಗೆ ಆದಾಯಪರೀಕ್ಷೆ ಮಾಡಿ ಬೇರೆ ಖಾತೆಯಿಂದ ಹೆಚ್ಚು ಕೊಡುತ್ತಿದ್ದೇವಲ್ಲ ಎಂಬುದು ಬ್ರೌನರ ಸಮಾಧಾನ. ಪರೀಕ್ಷೆಗೆ ಒಳಪಡಲು ನಾಚಿ ಬಡವರೇ ಅರ್ಜಿ ಹಾಕುವುದಿಲ್ಲವೆಂಬುದು ಕ್ಯಾಸಲರ ಪ್ರತ್ಯುತ್ತರ. ಆ ಸೆಪ್ಟೆಂಬರಿನಲ್ಲಿ ಬ್ರೈಟನ್ನಿನ ಲೇಬರ್ ಪಕ್ಷದ ಸಮ್ಮೇಳನದಲ್ಲಿ, ತೊಂಬತ್ತನ್ನು ಮುಟ್ಟಲು ಕೆಲವೇ ದಿನಗಳಿದ್ದ ಆ ವೃದ್ಧೆಯ ವಾದವೇ ಮತದಲ್ಲಿ ಗೆದ್ದು, ನಾಯಕತ್ವವು ಸೋತಿತು. ಬ್ರೌನರು ನಂಟನ್ನು ಕೂಡಿಸಲಿಲ್ಲ. ಅದಕ್ಕೆ ಬದಲಾಗಿ ನವೆಂಬರಿನಲ್ಲಿ ಪಿಂಚಣಿಗೆ ಐದು ಪೌಂಡು ಸೇರಿಸಿ, ಚಳಿಯ ಹಣವನ್ನು 200 ಪೌಂಡಿಗೆ ಏರಿಸಿದರು. ಹಕ್ಕನ್ನು ಕೇಳಿದವರಿಗೆ ಉಡುಗೊರೆ ದೊರೆಯಿತು. ಕ್ಯಾಸಲರು 2002ರಲ್ಲಿ ತೀರಿಕೊಂಡರು; ತತ್ತ್ವದ ಮೇಲೆ ನಿಂತು ಕಾಸಿನ ವಿಷಯವನ್ನು ವಾದಿಸುವ ಆ ಜಾತಿಯ ರಾಜಕಾರಣಿಗಳು ಈಚೆಗೆ ಅಪರೂಪವಾದುದು ನನಗೆ ವ್ಯಸನದ ಸಂಗತಿ.

ಮುಂದಿನ ವರ್ಷಗಳನ್ನು ವಿಸ್ತರಿಸಬೇಕಾದುದಿಲ್ಲ. ಎಂಬತ್ತು ದಾಟಿದವರಿರುವ ಮನೆಗೆ 300 ಪೌಂಡು ಎಂದಾಯಿತು. ಪಕ್ಷಗಳು ಬದಲಾದರೂ ಹಣ ಉಳಿಯಿತು. ಇಂಧನಕ್ಕೆಂದು ಹೆಸರಿಟ್ಟು ಕೊಟ್ಟರೂ ಅದು ಬರಿಯ ನಗದು; ಅದರಿಂದ ಮದ್ಯವನ್ನು ಕೊಂಡರೂ ಕೇಳುವವರಿಲ್ಲ. ಆದರೆ ಲಂಡನ್ನಿನ ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದು ನೋಡಿದಾಗ, ಹಾಗೆಯೇ ಬಂದ ಆದಾಯದಲ್ಲಿ ನೂರಕ್ಕೆ ಮೂರು ಪಾಲನ್ನು ಇಂಧನಕ್ಕೆ ಹಾಕುವ ಜನರು, ಈ ಹಣದಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕ ಪಾಲನ್ನು ಇಂಧನಕ್ಕೇ ಹಾಕಿದ್ದರು. ಯಾವ ಕಾವಲೂ ಇಲ್ಲದೆ ಮುದುಕರು ಸರ್ಕಾರದ ಮಾತನ್ನು ನಡೆಸಿಕೊಟ್ಟರೆಂಬ ಈ ಸಂಗತಿಗೆ, ಈ ಹಣವನ್ನು ಕಡಿಯಹೊರಟ ಮಂತ್ರಿಗಳ ಭಾಷಣಗಳಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ.

ನಡುವೆ ಒಂದು ಪ್ರಹಸನವೂ ನಡೆಯಿತು. ಬಿಸಿಲಿನ ದೇಶಗಳಿಗೆ ಹೋಗಿ ನೆಲಸಿದ ಬ್ರಿಟಿಷ್ ಪಿಂಚಣಿದಾರರಿಗೂ ಚಳಿಯ ಹಣ ಹೋಗುತ್ತಿರುವುದು ಪತ್ರಿಕೆಗಳಲ್ಲಿ ಗದ್ದಲವೆಬ್ಬಿಸಿದ್ದರಿಂದ, 2015ರಿಂದ ಒಂದು ಉಷ್ಣತೆಯ ಪರೀಕ್ಷೆಯನ್ನು ಹೂಡಿ, ಇಂಗ್ಲೆಂಡಿನ ನೈರುತ್ಯ ಭಾಗಕ್ಕಿಂತ ಚಳಿಗಾಲದಲ್ಲಿ ಬೆಚ್ಚಗಿರುವ ದೇಶಗಳನ್ನು ಪಟ್ಟಿಯಿಂದ ತೆಗೆದರು. ಸ್ಪೇನ್, ಪೋರ್ಚುಗಲ್, ಗ್ರೀಸ್, ಮಾಲ್ಟಾ, ಸೈಪ್ರಸ್, ಜಿಬ್ರಾಲ್ಟರ್‌ಗಳ ಜೊತೆಗೆ ಫ್ರಾನ್ಸೂ ಹೋಯಿತು. ಫ್ರಾನ್ಸ್ ಬೆಚ್ಚಗಿನ ದೇಶವಾದುದು ಹೇಗೆಂದರೆ, ಅದರ ಸರಾಸರಿಯನ್ನು ತೆಗೆಯುವಾಗ ಗ್ವಾಡೆಲೂಪ್, ರಿಯೂನಿಯನ್ ಮೊದಲಾದ ಸಾಗರಾಂತರದ ಉಷ್ಣವಲಯದ ಪ್ರಾಂತಗಳ ಬಿಸಿಲನ್ನೂ ಕೂಡಿಸಿದ್ದರು. ಆಲ್ಪ್ಸ್ ಪರ್ವತದ ಹಿಮದಲ್ಲಿ ಕುಳಿತ ಮುದುಕನ ಹಣವನ್ನು ಹಿಂದೂಮಹಾಸಾಗರದ ಬಿಸಿಲು ತಿಂದುಹಾಕಿತು. ಪಕ್ಕದ ಇಟಲಿಯಲ್ಲಿದ್ದವನಿಗೆ ಹಣ ಬರುತ್ತಲೇ ಇದ್ದಿತು. ಸರಾಸರಿಯೆಂಬ ದೇವತೆಯನ್ನು ನಂಬಿದ ಆಡಳಿತದ ಬುದ್ಧಿಗೆ ಇದಕ್ಕಿಂತ ನಿರ್ಮಲವಾದ ನಿದರ್ಶನವನ್ನು ನಾನು ಕಾಣೆ.

2017ರ ಚುನಾವಣೆಯಲ್ಲಿ ಥೆರೆಸಾ ಮೇ ಅವರು ಉಳ್ಳವರಿಗೆ ಚಳಿಯ ಹಣವನ್ನು ನಿಲ್ಲಿಸುವುದಾಗಿ ಪ್ರಣಾಳಿಕೆಯಲ್ಲಿ ಬರೆದು, ಬಹುಮತವನ್ನು ಕಳೆದುಕೊಂಡು, ಉತ್ತರ ಐರ್ಲೆಂಡಿನ ಒಂದು ಸಣ್ಣ ಪಕ್ಷದ ಬೆಂಬಲಕ್ಕಾಗಿ ಅದನ್ನು ಮುಟ್ಟುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರಿಂದ ಪಾಠ ಕಲಿಯದವರು 2024ರ ಲೇಬರ್ ಸರ್ಕಾರದವರು. ಅಧಿಕಾರಕ್ಕೆ ಬಂದು ತಿಂಗಳು ತುಂಬುವಷ್ಟರೊಳಗೆ, ಜುಲೈ 29ರಂದು, ಅರ್ಥಮಂತ್ರಿಣಿ ರೇಚಲ್ ರೀವ್ಸ್ ಅವರು ಖಜಾನೆಯಲ್ಲಿ 2,200 ಕೋಟಿ ಪೌಂಡಿನ ಕೊರತೆಯಿದೆಯೆಂದು ಸಾರಿ, ಇನ್ನು ಮುಂದೆ ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ಪಿಂಚಣಿ ಕ್ರೆಡಿಟ್ಟು ಮೊದಲಾದ ಬಡವರ ಸಹಾಯವನ್ನು ಪಡೆಯುತ್ತಿರುವವರಿಗೆ ಮಾತ್ರ ಚಳಿಯ ಹಣವೆಂದರು. ಒಂದು ಕೋಟಿಗೂ ಮೇಲ್ಪಟ್ಟಿದ್ದ ಫಲಾನುಭವಿಗಳು ಸುಮಾರು ಹದಿನೈದು ಲಕ್ಷಕ್ಕೆ ಇಳಿದರು. ಸೆಪ್ಟೆಂಬರ್ 10ರಂದು ಕಾಮನ್ಸ್ ಸಭೆಯು 348ಕ್ಕೆ 228 ಮತಗಳಿಂದ ಈ ಕಡಿತವನ್ನು ಉಳಿಸಿಕೊಂಡಿತು. ಆ ಮೊದಲ ವರ್ಷ ಉಳಿಯುವುದೆಂದು ಎಣಿಸಿದ್ದು ಸುಮಾರು 140 ಕೋಟಿ ಪೌಂಡು.

ಎಲ್ಲಿ ಗೆರೆ ಎಳೆದರೆಂಬುದನ್ನು ನೋಡಬೇಕು. ಆ ವರ್ಷ ಒಂಟಿ ವೃದ್ಧರಿಗೆ ಪಿಂಚಣಿ ಕ್ರೆಡಿಟ್ಟಿನ ಸಾಮಾನ್ಯ ಮಿತಿ ವಾರಕ್ಕೆ 218 ಪೌಂಡು 15 ಪೆನ್ನಿ. ಹೊಸ ಸರ್ಕಾರೀ ಪಿಂಚಣಿಯ ಪೂರ್ಣ ಮೊತ್ತ 221 ಪೌಂಡು 20 ಪೆನ್ನಿ. ಬೇರೆ ಕಾಸಿಲ್ಲದೆ ಸರ್ಕಾರೀ ಪಿಂಚಣಿಯೊಂದರಿಂದಲೇ ಬಾಳುವ ಮುದುಕಿಯು ಮೂರು ಪೌಂಡಿನ ಅಂತರದಿಂದ ಉಳ್ಳವರ ಸಾಲಿಗೆ ಸೇರಿಹೋದಳು. ಗೆರೆಯ ಕೆಳಗಿದ್ದವರ ಕಥೆ ಬೇರೆ. ಅರ್ಹರಾಗಿದ್ದೂ ಅರ್ಜಿ ಹಾಕದ ಸಂಸಾರಗಳು ಎಂಟು ಲಕ್ಷಕ್ಕೂ ಹೆಚ್ಚೆಂದು ಸರ್ಕಾರವೇ ಅಂದಾಜುಮಾಡಿತ್ತು. ಆ ಅರ್ಜಿಯಲ್ಲಿ ಪ್ರಶ್ನೆಗಳು 243 ಇದ್ದುವೆಂದು ಪತ್ರಿಕೆಗಳು ಎಣಿಸಿ ಬರೆದುವು. ಪಡಿತರ ಚೀಟಿಗಾಗಿ ಆದಾಯ ಪ್ರಮಾಣಪತ್ರ ಹಿಡಿದು ಕಛೇರಿಯಿಂದ ಕಛೇರಿಗೆ ಅಲೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಸಲರು ಹೇಳಿದ್ದು ಕಾಲು ಶತಮಾನದ ಮೇಲೆ, ಆಕೆಯ ಪಕ್ಷದ ಕೈಯಿಂದಲೇ, ನಿಜವಾಯಿತು.

ಸರ್ಕಾರವು ಒಂದೇ ಚಳಿಗಾಲ ತಡೆದುಕೊಂಡಿತು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಲೇಬರ್ ಪಕ್ಷವು ನೆಲಕಚ್ಚಿ, ಅದೇ ದಿನ ರನ್‌ಕಾರ್ನ್ ಉಪಚುನಾವಣೆಯಲ್ಲಿ ಆರೇ ಮತಗಳಿಂದ ಸೋತ ಮೇಲೆ, ಪ್ರಧಾನಿ ಕೀರ್ ಸ್ಟಾರ್ಮರರು ಹಿಂದೆಗೆಯುವ ಸೂಚನೆ ಕೊಟ್ಟರು. ಜೂನ್ 9ರಂದು ಹೊಸ ಕ್ರಮ ಹೊರಬಿದ್ದಿತು. ಈಗ ಮತ್ತೆ ಪಿಂಚಣಿಯ ವಯಸ್ಸಿನವರಿಗೆಲ್ಲ ಹಣ ಹೋಗತಕ್ಕದ್ದು. ವರ್ಷಕ್ಕೆ 35,000 ಪೌಂಡಿಗಿಂತ ಹೆಚ್ಚು ಆದಾಯವುಳ್ಳವರಿಂದ ತೆರಿಗೆಯ ಇಲಾಖೆಯು ಅದನ್ನು ಅಷ್ಟೂ ಹಿಂದಕ್ಕೆ ವಸೂಲುಮಾಡತಕ್ಕದ್ದು. ಲಕ್ಸೆಂಬರ್ಗಿನ ನ್ಯಾಯಾಧೀಶರಿಗೆ ಒಪ್ಪುವಂತೆ ಮುಪ್ಪಿಗೆಂದು ಕೊಟ್ಟು, ಖಜಾನೆಗೆ ಒಪ್ಪುವಂತೆ ಸಿರಿತನಕ್ಕೆಂದು ಕಸಿಯುವ ಈ ಏರ್ಪಾಡಿನಲ್ಲಿ ಹೊಸ ವಕ್ರತೆಯೊಂದು ಸೇರಿಕೊಂಡಿದೆ: ಹಣವನ್ನು ಅಳೆಯುವುದು ಮನೆಯ ಲೆಕ್ಕದಲ್ಲಿ, ಆದಾಯವನ್ನು ಅಳೆಯುವುದು ತಲೆಯ ಲೆಕ್ಕದಲ್ಲಿ. ಗಂಡಹೆಂಡಿರಿಬ್ಬರಿಗೂ ತಲಾ 34,000 ಬಂದರೆ ಮನೆಯ ಹಣ ಪೂರ್ತಿ ಉಳಿಯುವುದು. ಒಬ್ಬಂಟಿಯಾಗಿ 36,000 ಪಡೆವ ವಿಧವೆಯದು ಪೂರ್ತಿ ಹೋಗುವುದು. ಅರ್ಜಿಯಿಲ್ಲ, 243 ಪ್ರಶ್ನೆಗಳಿಲ್ಲ ಎಂಬುದು ಮಾತ್ರ ನಿಜವಾದ ಲಾಭ. ಬಡವನು ತಾನು ಬಡವನೆಂದು ರುಜುಪಡಿಸಬೇಕಾದ ಕಷ್ಟ ತಪ್ಪಿತು, ಅಷ್ಟರಮಟ್ಟಿಗೆ ಈ ಕ್ರಮವು ಹಿಂದಿನದಕ್ಕಿಂತ ಮೇಲು. ಆದರೆ 140 ಕೋಟಿ ಪೌಂಡಿನ ಉಳಿತಾಯವೆಂದು ಹೊರಟು, ಒಂದು ಚಳಿಗಾಲ ಕೋಟಿಗೆ ಸಮೀಪದಷ್ಟು ಮಂದಿಗೆ ಹಣ ತಪ್ಪಿಸಿ, ಚುನಾವಣೆಯಲ್ಲಿ ಮಾನ ಕಳೆದುಕೊಂಡ ಮೇಲೆ, ಸರ್ಕಾರದ ಲೆಕ್ಕದಂತೆಯೇ ವರ್ಷಕ್ಕೆ ಉಳಿಯುವುದು ಈಗ ಸುಮಾರು 45 ಕೋಟಿ ಪೌಂಡು.